ಬಿಚ್ಚಿ ನೋಡಬಲ್ಲ ಯಂತ್ರಗಳ ಪರವಾಗಿ

ಯಂತ್ರವೆಂದೊಡನೆ ಸಂಶಯದಿಂದ ನೋಡುವುದು ನಮ್ಮಂಥ ಪರಿಸರ ಬಳಗಗಳಿಗೆ ರೂಢಿಯಾಗಿಬಿಟ್ಟಿದೆ. ಅದಕ್ಕೆ ಕಾರಣಗಳಿಲ್ಲದಿಲ್ಲ. ಗುಡ್ಡ ಕಡಿದದ್ದೂ ಹೊಳೆಯ ಮರಳು ಬಾಚಿದ್ದೂ ಯಂತ್ರಗಳೇ. ಆದರೆ ಯಂತ್ರಗಳೆಲ್ಲ ಒಂದೇ ಜಾತಿಯವಲ್ಲ. ಒಡೆಯನೇ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಬಲ್ಲ ಯಂತ್ರ ಒಂದು ಬಗೆ. ಕೆಟ್ಟ ದಿನವೇ ಒಡೆಯನನ್ನು ಅಸಹಾಯಕನನ್ನಾಗಿಸಿ ಗುಜರಿಗೆ ಹೋಗುವ ಯಂತ್ರ ಇನ್ನೊಂದು ಬಗೆ. ಈ ಎರಡರ ಅಂತರ ನಿಚ್ಚಳವಾಗಿ ಕಾಣಬೇಕಾದರೆ ಅಮೆರಿಕದವರ ಒಂದು ಹವ್ಯಾಸವನ್ನು ಗಮನಿಸುವುದು ಒಳ್ಳೆಯದು. ಅರ್ಧ ಶತಮಾನ ದಾಟಿದ ಗಾರ್ಡನ್ ಟ್ರ್ಯಾಕ್ಟರುಗಳನ್ನು ಹಳೆಯ ಕೊಟ್ಟಿಗೆಗಳಿಂದಲೂ ಗುಜರಿ ರಾಶಿಗಳಿಂದಲೂ ಎತ್ತಿ ತಂದು, ಮತ್ತೆ ಓಡುವಂತೆ ಮಾಡುವ ಹವ್ಯಾಸ ಅದು. ನಿವೃತ್ತ ಕಾರ್ಮಿಕರು, ರೈತರು, ಶಾಲಾ ಬಾಲಕರು ಎಲ್ಲರೂ ಅದರಲ್ಲಿದ್ದಾರೆ.

ಗಾರ್ಡನ್ ಟ್ರ್ಯಾಕ್ಟರ್ ಎಂದರೆ ಬಯಲುಸೀಮೆಯ ದೊಡ್ಡ ಟ್ರ್ಯಾಕ್ಟರಿನ ಮರಿಯಂತೆ ಕಾಣುವ, ಕುಳಿತು ನಡೆಸುವ ನಾಲ್ಕು ಚಕ್ರದ ಬಂಡಿ. ಸಾಮಾನ್ಯವಾಗಿ 7ರಿಂದ 20 ಅಶ್ವಶಕ್ತಿಯದು. ಹುಲ್ಲು ಕತ್ತರಿಸುವುದಲ್ಲದೆ ಸಣ್ಣ ನೇಗಿಲನ್ನು ಎಳೆಯಲು, ಚಳಿಗಾಲದಲ್ಲಿ ಹಿಮವನ್ನು ದೂಡಲು ಅದಕ್ಕೆ ತ್ರಾಣವಿದೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಪಟ್ಟಣಗಳ ಅಂಚಿನಲ್ಲಿ ವಿಶಾಲ ಹಿತ್ತಿಲಿನ ಮನೆಗಳು ಹಬ್ಬಿದಾಗ ಇವುಗಳಿಗೆ ಮಾರುಕಟ್ಟೆ ಹುಟ್ಟಿತು. ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದಲ್ಲಿ ಎಲ್ಮರ್ ಪಾಂಡ್ ಎಂಬಾತ 1946ರಲ್ಲಿ ಆರಂಭಿಸಿದ ಉದ್ಯಮ ಮುಂದೆ ‘ವೀಲ್ ಹಾರ್ಸ್’ ಎಂಬ ಕೆಂಪು ಬಂಡಿಗಳಾಗಿ ಹೆಸರು ಮಾಡಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆ 1960ರಲ್ಲಿ ‘ಕಬ್ ಕೆಡೆಟ್’ ಅನ್ನೂ, ಜಾನ್ ಡೀರ್ 1963ರಲ್ಲಿ ತನ್ನ 110 ಎಂಬ ಮಾದರಿಯನ್ನೂ ತಂದವು. ವೀಲ್ ಹಾರ್ಸ್ 1974ರಲ್ಲಿ ಒಬ್ಬರ ಕೈಗೂ 1986ರಲ್ಲಿ ಇನ್ನೊಬ್ಬರ ಕೈಗೂ ಮಾರಾಟವಾಗಿ, 2007ರಲ್ಲಿ ಆ ಹೆಸರೇ ಮಾರುಕಟ್ಟೆಯಿಂದ ಅಳಿಯಿತು. ತಯಾರಕ ಇಲ್ಲವಾದರೂ ಆತನ ಬಂಡಿಗಳು ಓಡುತ್ತಿವೆ. ಇದು ಹೇಗೆ ಸಾಧ್ಯವಾಯಿತು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮೊದಲ ಕಾರಣ ಲೋಹ. ಆ ಕಾಲದ ಎಂಜಿನ್ನುಗಳಲ್ಲಿ ಹೆಸರಾದದ್ದು ಕೋಲರ್ ಸಂಸ್ಥೆಯ ‘ಕೆ’ ಸರಣಿಯ ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರ ಮೈ ಎರಕದ ಕಬ್ಬಿಣದ್ದು. ಒಳಗಿನ ಬೋರು ಸವೆದರೆ ಲೇತ್‌ನವರ ಬಳಿ ಕೊಂಡೊಯ್ದು ಇಂಚಿನ ಸಾವಿರದ ಹತ್ತು ಭಾಗದಷ್ಟು ಕೊರೆಸಿ, ಅಷ್ಟೇ ದಪ್ಪನೆಯ ಪಿಸ್ಟನ್ ಹಾಕಬಹುದು. ಅದೂ ಸವೆದರೆ ಇಪ್ಪತ್ತು ಭಾಗ, ಆಮೇಲೆ ಮೂವತ್ತು ಭಾಗ. ಅಂದರೆ, ಈ ಎಂಜಿನ್ನು ಸವೆಯುವುದೆಂದು ತಯಾರಕನಿಗೆ ಗೊತ್ತಿತ್ತು; ಸವೆದ ಮೇಲೆ ಮೂರು ಸಲ ಹೊಸ ಬಾಳು ಕೊಡಲು ಬೇಕಾದ ಕಬ್ಬಿಣವನ್ನು ಆತ ಮೊದಲೇ ಗೋಡೆಯಲ್ಲಿ ಉಳಿಸಿಟ್ಟಿದ್ದ. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಪರಸ್ಪರ ಪೈಪೋಟಿಯಲ್ಲಿದ್ದ ವೀಲ್ ಹಾರ್ಸ್, ಕಬ್ ಕೆಡೆಟ್, ಜಾನ್ ಡೀರ್ ಮೂರೂ ತಮ್ಮ ಅನೇಕ ಮಾದರಿಗಳಿಗೆ ಇದೇ ಕೋಲರ್ ಎಂಜಿನ್ನನ್ನು ಕೂರಿಸಿದವು. ಬಣ್ಣ ಬೇರೆಯಾದರೂ ಹೃದಯ ಒಂದೇ ಆದ್ದರಿಂದ ಬಿಡಿಭಾಗಗಳಿಗೆ ದೊಡ್ಡ ಬೇಡಿಕೆ ಉಳಿಯಿತು. ಬೇಡಿಕೆ ಇದ್ದುದರಿಂದ ಅನ್ಯ ತಯಾರಕರು ಇಂದಿಗೂ ಪಿಸ್ಟನ್, ರಿಂಗು, ಗ್ಯಾಸ್ಕೆಟ್‌ಗಳನ್ನು ಮಾಡಿ ಮಾರುತ್ತಿದ್ದಾರೆ. ಇದಲ್ಲದೆ ಪ್ರತಿಯೊಂದು ಭಾಗಕ್ಕೂ ಸಂಖ್ಯೆ ಕೊಟ್ಟು ಚಿತ್ರಸಹಿತ ಅಚ್ಚು ಹಾಕಿಸಿದ ಕೈಪಿಡಿಗಳು ಇದ್ದವು. ಎಂಜಿನ್ನನ್ನು ಪೂರ್ತಿ ಕಳಚುವ ಕ್ರಮವೂ ಅವುಗಳಲ್ಲಿತ್ತು.

ಕೆಲಸದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಎಲ್ಲ ಹಳೆಯ ಎಂಜಿನ್ನುಗಳಿಗೂ ಅನ್ವಯಿಸುತ್ತದೆ. ವರ್ಷಗಟ್ಟಲೆ ಮಳೆಗೆ ಬಿದ್ದ ಎಂಜಿನ್ನಿನಲ್ಲಿ ಪಿಸ್ಟನ್ ಬೋರಿಗೆ ಕಚ್ಚಿಕೊಂಡಿರುತ್ತದೆ. ಅವಸರದವನು ಬಲ ಹಾಕಿ ತಿರುಗಿಸಲು ಹೋಗಿ ಅಲ್ಯುಮಿನಿಯಮ್ಮಿನ ಕನೆಕ್ಟಿಂಗ್ ರಾಡನ್ನು ಮುರಿಯುತ್ತಾನೆ. ತಿಳಿದವನು ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಿಂದ ತೆಳುವಾದ ಎಣ್ಣೆ ಸುರಿದು ಸುಮ್ಮನಿರುತ್ತಾನೆ. ಒಂದು ವಾರವಾಗಬಹುದು, ಮೂರು ವಾರವೂ ಆಗಬಹುದು. ನಡುನಡುವೆ ಮೆಲ್ಲಗೆ ಅಲುಗಿಸಿ ನೋಡುತ್ತಾನೆ. ಬಿಟ್ಟುಕೊಂಡ ಮೇಲೆ ಕಾರ್ಬುರೇಟರ್ ಕಳಚಿ, ಹಳಸಿದ ಪೆಟ್ರೋಲು ಅಂಟಾಗಿ ಮುಚ್ಚಿದ ಸಣ್ಣ ರಂಧ್ರಗಳನ್ನು ಬಿಡಿಸುವುದು. ಅನಂತರ ಕಿಡಿಯ ಸರದಿ. ಕಾಂಟ್ಯಾಕ್ಟ್ ಪಾಯಿಂಟನ್ನು ಉಜ್ಜಿ ಅದರ ಅಂತರವನ್ನು ಇಂಚಿನ ಸಾವಿರದ ಇಪ್ಪತ್ತು ಭಾಗಕ್ಕೆ ಹೊಂದಿಸಿದರೆ ಮುಕ್ಕಾಲು ಪಾಲು ಎಂಜಿನ್ನುಗಳು ಕೆಮ್ಮಿಯಾದರೂ ಎಚ್ಚರಗೊಳ್ಳುತ್ತವೆ. ಬೇಕಾದದ್ದು ಒಂದು ಫೀಲರ್ ಗೇಜು, ಕೆಲವು ಸ್ಪ್ಯಾನರು ಮತ್ತು ತಾಳ್ಮೆ.

ತುಕ್ಕು ತೆಗೆಯಲು ಇವರಲ್ಲಿ ಹಲವರು ಆಮ್ಲ ಬಳಸುವುದಿಲ್ಲ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಅದರಲ್ಲಿ ತುಕ್ಕು ಹಿಡಿದ ಭಾಗ, ಪಕ್ಕದಲ್ಲಿ ಬೇಡವಾದ ಕಬ್ಬಿಣದ ತುಂಡು. ಎರಡೂ ಒಂದಕ್ಕೊಂದು ತಾಗಬಾರದು. ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಭಾಗಕ್ಕೂ ಧನ ತಂತಿಯನ್ನು ತುಂಡಿಗೂ ಜೋಡಿಸಿದರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಸಡಿಲಗೊಂಡಿರುತ್ತದೆ. ಜಲಜನಕ ಅನಿಲ ಹೊರಡುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರವೇ ಮಾಡಬೇಕು. ಕಬ್ಬಿಣದ ತುಂಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬಳಸಬಾರದು: ಅದರೊಳಗಿನ ಕ್ರೋಮಿಯಂ ವಿಷರೂಪ ತಾಳಿ ನೀರಿಗಿಳಿಯುತ್ತದೆ, ಆ ನೀರನ್ನು ತೋಟದ ಕಾದಿಗೆಗೆ ಚೆಲ್ಲಿದರೆ ಆಗುವ ಕೇಡನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಓದುವ ವಿದ್ಯುದ್ವಿಭಜನೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಕಂಡೀತು?

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳನ್ನೂ ಮುಂದಿಡಬೇಕು. ಈ ಬಂಡಿಗಳ ಮುಖ್ಯ ಉದ್ಯೋಗವೇ ಹುಲ್ಲುಹಾಸು ಕತ್ತರಿಸುವುದು. ಆ ಹುಲ್ಲುಹಾಸು ಯಾವ ದನವೂ ಮೇಯದ, ಯಾರ ಹೊಟ್ಟೆಗೂ ಆಗದ ಬೆಳೆ. ಉಪಗ್ರಹ ಚಿತ್ರಗಳ ನೆರವಿನಿಂದ 2005ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಅಮೆರಿಕದ ಹುಲ್ಲುಹಾಸುಗಳ ವಿಸ್ತೀರ್ಣ ಸುಮಾರು 1,63,800 ಚದರ ಕಿಲೋಮೀಟರು. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ವ್ಯಾಮೋಹದ ಅಗಾಧತೆ ಹೊಳೆಯುತ್ತದೆ. ಇನ್ನು ಹೊಗೆ. ಅಮೆರಿಕದಲ್ಲಿ ಸಣ್ಣ ಎಂಜಿನ್ನುಗಳ ಹೊಗೆಗೆ ಕೇಂದ್ರ ಸರ್ಕಾರದ ಮಿತಿ ಬಂದದ್ದೇ 1997ರ ಮಾದರಿಗಳಿಂದ. ಅದಕ್ಕೂ ಹಿಂದಿನವು ಎಂಥ ಗಾಳಿಯನ್ನು ಉಗುಳುತ್ತವೆಂದು ಊಹಿಸಬಹುದು. ಕ್ಯಾಲಿಫೋರ್ನಿಯ ರಾಜ್ಯವು 2024ರ ಮಾದರಿಗಳಿಂದ ಮೊದಲ್ಗೊಂಡು ಹುಲ್ಲು ಕತ್ತರಿಸುವ ಹೊಸ ಯಂತ್ರಗಳು ಹೊಗೆರಹಿತವಾಗಿರಬೇಕೆಂದು ನಿಯಮ ಮಾಡಿದೆ. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಬ್ರೇಕು-ಕ್ಲಚ್ಚುಗಳಲ್ಲಿ ಕಲ್ನಾರು ಇರುವುದುಂಟು. ಅವನ್ನು ಉಜ್ಜಿ ಧೂಳೆಬ್ಬಿಸುವವನು ತನ್ನ ಶ್ವಾಸಕೋಶಕ್ಕೇ ಕೇಡು ತಂದುಕೊಳ್ಳುತ್ತಾನೆ. ಜೊತೆಗೆ, ಹತ್ತು ಬಂಡಿಗಳನ್ನು ಹೊಳೆಯುವಂತೆ ಮಾಡಿ ಪ್ರದರ್ಶನಕ್ಕಿಡುವುದು ಸಂಗ್ರಹದ ಚಟವೇ ಹೊರತು ಮಿತವ್ಯಯವಲ್ಲ.

ಈ ಆಕ್ಷೇಪಗಳೆಲ್ಲ ಸರಿಯೇ. ಹಾಗಿದ್ದೂ ನಾನು ಈ ಹವ್ಯಾಸದ ಪರವಾಗಿಯೇ ನಿಲ್ಲುತ್ತೇನೆ; ಅದು ಆ ಬಂಡಿಗಳ ಮೇಲಿನ ಮೋಹದಿಂದಲ್ಲ. ದುರಸ್ತಿಯ ಅರಿವನ್ನು ಯಾವುದೇ ಕಾರ್ಖಾನೆ ಉಳಿಸಲಿಲ್ಲ, ಈ ಜನ ಉಳಿಸಿದರು. ಯಂತ್ರ ಕೊಂಡವನಿಗೆ ಅದರ ಒಳಗನ್ನು ತಿಳಿಯುವ ಹಕ್ಕಿದೆ ಎಂಬ ಮಾತು ಅವರ ನಾಡಿನಲ್ಲೇ ಈಗ ಜಗಳದ ವಸ್ತುವಾಗಿದೆ. ಇಂದಿನ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಒಂದು ಸಂವೇದಕ ಕೆಟ್ಟರೂ ಕಂಪ್ಯೂಟರ್ ತಂತ್ರಾಂಶದ ಬೀಗ ತೆಗೆಯಲು ಅಧಿಕೃತ ವ್ಯಾಪಾರಿಯೇ ಬರಬೇಕಾಗುತ್ತದೆ. ಇದರ ವಿರುದ್ಧ ರೈತರು ದನಿ ಎತ್ತಿದ ಫಲವಾಗಿ ಕೊಲರಾಡೊ ರಾಜ್ಯ 2023ರಲ್ಲಿ ಕೃಷಿಯಂತ್ರಗಳ ದುರಸ್ತಿ ಹಕ್ಕಿನ ಕಾಯ್ದೆ ಮಾಡಿತು. ಅದು 2024ರ ಜನವರಿಯಿಂದ ಜಾರಿಗೆ ಬಂತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯದಲ್ಲಿ ಜಾನ್ ಡೀರ್ ವಿರುದ್ಧ ಮೊಕದ್ದಮೆ ಹೂಡಿತು. 1963ರ ಜಾನ್ ಡೀರ್ ಬಂಡಿಯನ್ನು ಹದಿನಾರರ ಹುಡುಗ ಹಿತ್ತಿಲಿನಲ್ಲಿ ಬಿಚ್ಚಬಲ್ಲ, ಅದೇ ಸಂಸ್ಥೆಯ ಹೊಸ ಯಂತ್ರವನ್ನು ಅನುಭವಿ ರೈತನೂ ಪೂರ್ತಿ ಬಿಚ್ಚಲಾರ ಎಂಬುದರಲ್ಲೇ ವಿಷಯವೆಲ್ಲ ಅಡಗಿದೆ.

ನಮಗೂ ಇದಕ್ಕೂ ಏನು ಸಂಬಂಧ? ಗಾರ್ಡನ್ ಟ್ರ್ಯಾಕ್ಟರು ನಮ್ಮ ಮಲೆನಾಡಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆದರೆ ಅದರ ದಾಯಾದಿಯೊಂದು ನಮ್ಮಲ್ಲಿದೆ. ವೆಸ್ಟ್ ವರ್ಜೀನಿಯಾದ ಬೆಟ್ಟಸೀಮೆಯಲ್ಲಿ ಬೆಂಜಮಿನ್ ಗ್ರೇವ್ಲಿ ಎಂಬ ಛಾಯಾಗ್ರಾಹಕ ಮೋಟಾರ್‌ಸೈಕಲ್ಲಿನ ಭಾಗಗಳಿಂದ ಹಿಂದೆ ನಡೆದು ದೂಡುವ ನೇಗಿಲೊಂದನ್ನು ರೂಪಿಸಿ 1916ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಹವ್ಯಾಸಿಗಳು ಆ ಗ್ರೇವ್ಲಿ ಯಂತ್ರಗಳನ್ನೂ ಅಕ್ಕರೆಯಿಂದ ಉಳಿಸಿಕೊಂಡಿದ್ದಾರೆ. ಇಂಥದೇ ನಡೆದು ನಡೆಸುವ ಯಂತ್ರ ಜಪಾನಿನ ಕಿರಿದಾದ ಭತ್ತದ ಗದ್ದೆಗಳಲ್ಲಿ ಬೇರೆಯದೇ ದಾರಿಯಲ್ಲಿ ಬೆಳೆದು ಪವರ್ ಟಿಲ್ಲರಾಗಿ ನಮ್ಮ ದೇಶಕ್ಕೆ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆ ಮಿತ್ಸುಬಿಷಿಯ ಸಹಯೋಗದಲ್ಲಿಯೂ, ಕೇರಳ ಸರ್ಕಾರ 1973ರಲ್ಲಿ ಸ್ಥಾಪಿಸಿದ ಕ್ಯಾಮ್ಕೊ ಸಂಸ್ಥೆ ಕುಬೋಟಾದ ಸಹಯೋಗದಲ್ಲಿಯೂ ಇವನ್ನು ತಯಾರಿಸಿದವು. ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಕಣಿವೆಯ ಗದ್ದೆಗಳನ್ನು ಉತ್ತದ್ದು ಇವೇ. ಅಡಿಕೆ ತೋಟಕ್ಕೆ ಗೊಬ್ಬರ ಹೊತ್ತದ್ದೂ, ಮದುವೆಮನೆಗೆ ಚಪ್ಪರದ ಸಾಮಾನು ಸಾಗಿಸಿದ್ದೂ ಇವೇ. ನೀರಿನಿಂದ ತಣಿಯುವ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್, ಕೈಯಿಂದ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲ್ಲು, ಎಲ್ಲರಿಗೂ ಕಾಣುವ ಬೆಲ್ಟು. ಬಿಚ್ಚಲು ಬರುವ ಯಂತ್ರವೆಂದರೆ ಇದೇ.

ಇಂಥ ಟಿಲ್ಲರುಗಳು ಇಂದು ಎಷ್ಟೋ ಮನೆಗಳ ಕೊಟ್ಟಿಗೆಯ ಮಾಡಿನ ಕೆಳಗೆ ಕೋಳಿಗಳಿಗೆ ಆಸರೆಯಾಗಿ ನಿಂತಿವೆ. ಕೇಂದ್ರ ಸರ್ಕಾರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಲ್ಲಿ ಆರಂಭವಾಯಿತು. ಹೊಸ ಯಂತ್ರ ಕೊಳ್ಳುವ ರೈತನಿಗೆ ಅದರಲ್ಲಿ ಸಹಾಯಧನವಿದೆ. ಹಳೆಯ ಟಿಲ್ಲರಿನ ಬೋರು ಕೊರೆಸಿ ಪಿಸ್ಟನ್ ಹಾಕಿಸುವವನಿಗೆ ಅಂಥ ನೆರವಿಲ್ಲ. ಹಳೆಯದನ್ನು ಎಸೆಯಲು ಇದಕ್ಕಿಂತ ಒಳ್ಳೆಯ ಪ್ರೋತ್ಸಾಹ ಬೇಕೆ? ಅಗ್ಗದ ಆಮದು ಟಿಲ್ಲರುಗಳನ್ನು ಕೊಂಡವರ ಕಥೆ ಇನ್ನೊಂದು. 2020ರ ಜುಲೈಯಲ್ಲಿ ಕೇಂದ್ರವು ಟಿಲ್ಲರುಗಳಿಗೂ ಅವುಗಳ ಎಂಜಿನ್ ಮೊದಲಾದ ಭಾಗಗಳಿಗೂ ಆಮದು ನಿರ್ಬಂಧ ಹಾಕಿತು. ದೇಶೀಯ ಉದ್ಯಮದ ಹಿತಕ್ಕೆ ಅದು ಸರಿಯಿರಬಹುದು. ಆದರೆ ಅದಕ್ಕೂ ಮೊದಲೇ ಕೊಂಡವನಿಗೆ ಭಾಗಗಳು ಎಲ್ಲಿಂದ ಬರಬೇಕು? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಸಮಿತಿ ರಚಿಸಿ, ಅದರ ವ್ಯಾಪ್ತಿಗೆ ಕೃಷಿ ಉಪಕರಣಗಳನ್ನೂ ಸೇರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಂತರ್ಜಾಲ ತಾಣವೊಂದನ್ನು ತೆರೆಯಿತು. ಒಳ್ಳೆಯದೇ. ತಾಣವಿದ್ದರೆ ಸಾಲದು. ಭಾಗಗಳ ಪಟ್ಟಿ ಮತ್ತು ಕಳಚುವ ಕೈಪಿಡಿ ಕನ್ನಡದಲ್ಲಿ ಅಚ್ಚಾಗಿ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿರಬೇಕು. ಸಹಾಯಧನದಲ್ಲಿ ಒಂದು ಪಾಲು ದುರಸ್ತಿಗೂ ಮೀಸಲಾಗಬೇಕು. ಇದು ನಮ್ಮ ಬೇಡಿಕೆಯಾಗಬೇಕೆಂಬುದು ನನ್ನ ವಾದ.

ಕಬ್ಬಿಣ ಎಲ್ಲಿಂದ ಬರುತ್ತದೆಂಬುದು ನಮ್ಮ ಭಾಗದವರಿಗೆ ತಿಳಿಯದ ಸಂಗತಿಯಲ್ಲ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕುದುರೆಮುಖದಲ್ಲಿ ಗಣಿಗಾರಿಕೆ ನಿಂತಾಗ ಸಂತೋಷಪಟ್ಟವರು ನಾವು. ಒಂದು ಗುಡ್ಡ ಉಳಿಯಲೆಂದು ಹೋರಾಡುವವನು ಇನ್ನೂ ಬಾಳುವ ಎಂಜಿನ್ನನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವುದು ವಿಪರ್ಯಾಸವೆಂದು ನನಗೆ ಅನಿಸುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ರಸ್ತೆ ಬದಿಯ ಗ್ಯಾರೇಜಿನ ಮೇಸ್ತ್ರಿಗೆ ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆಯೆಂದು ಹೇಳುವ ಶಕ್ತಿಯಿದೆ. ಆ ಅರಿವು ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ. ರಜೆಯಲ್ಲಿ ಹದಿನೈದು ದಿನ ಅವರ ಬಳಿ ಕುಳಿತು ಬರೆದುಕೊಂಡರೆ ಅದೇ ಒಂದು ಕೈಪಿಡಿಯಾದೀತು. ಸಣ್ಣ ಪೆಟ್ರೋಲ್ ಎಂಜಿನ್ನುಗಳ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಇಂದು ತುರ್ತಿನದು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಅಮೆರಿಕದ ಹವ್ಯಾಸಿಗಳು ಶೇ. 10ರ ಮಿಶ್ರಣದಲ್ಲೇ ಇದನ್ನು ಅನುಭವಿಸಿ, ಚಳಿಗಾಲಕ್ಕೆ ಮುನ್ನ ಟ್ಯಾಂಕು ಬರಿದು ಮಾಡಿ ಕಾರ್ಬುರೇಟರ್ ಒಣಗುವವರೆಗೂ ಎಂಜಿನ್ ಓಡಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಾಲ್ಕು ತಿಂಗಳು ಮಳೆ ಹೊಯ್ಯುವ ನಮ್ಮಲ್ಲಿ ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪುಗಳನ್ನು ಸುಮ್ಮನೆ ಇಡುವಾಗ ಹಾಗೆಯೇ ಮಾಡಬೇಕು.

ಮುಂಗಾರು ಹಿಡಿಯುವುದರೊಳಗೆ ಪ್ರತಿ ಊರಿನ ಬಳಗದವರು ಒಂದು ಕೆಲಸ ಮಾಡಬಹುದು. ನಿಮ್ಮ ಊರಿನಲ್ಲಿ ಓಡದೆ ನಿಂತಿರುವ ಟಿಲ್ಲರುಗಳು ಎಷ್ಟು, ಯಾವ ತಯಾರಿಕೆಯವು, ಯಾವ ಭಾಗ ಕೆಟ್ಟು ನಿಂತವು, ಆ ಭಾಗಕ್ಕೆ ವ್ಯಾಪಾರಿ ಏನು ಹೇಳಿದ, ಲೇತ್‌ನವರು ಮಾಡಿಕೊಟ್ಟಾರೆಯೇ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಎರಡು ಟಿಲ್ಲರುಗಳಲ್ಲಿ ಬೇರೆಬೇರೆ ಭಾಗ ಕೆಟ್ಟಿದ್ದರೆ ಒಂದಾದರೂ ಈ ವರ್ಷದ ಗದ್ದೆಗೆ ಇಳಿದೀತು. ಪಟ್ಟಿಯನ್ನು ಪತ್ರಿಕೆಗೆ ಕಳುಹಿಸಿದರೆ ಊರೂರುಗಳ ಲೆಕ್ಕ ಒಟ್ಟುಗೂಡಿಸಿ ತಾಲ್ಲೂಕು ಕೃಷಿ ಇಲಾಖೆಯ ಮುಂದಿಡಲು ಬರುತ್ತದೆ.