ಗೇಟಿನೊಳಗೆ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿತು, ಅವರ ಮಾತಿಗೆ?

ಹೊಸೂರು: ಪ್ಲಸ್ ಟೂ ಮುಗಿಸಿದ ಮಗಳಿರುವ ಗಡಿನಾಡಿನ ಮನೆಗಳಲ್ಲಿ ಈಗ ಒಂದೇ ಚರ್ಚೆ. ಕಂಪೆನಿಗೆ ಕಳಿಸೋದಾ, ಬೇಡ್ವಾ? ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಬೇರಿಕೆ ಕಡೆಯ ಕನ್ನಡ ಕುಟುಂಬಗಳಿಗೆ ಇದು ಹೊಸ ಪ್ರಶ್ನೆ. ಹಿಂದಿನ ತಲೆಮಾರಿನ ಹೆಣ್ಣುಮಕ್ಕಳಿಗೆ ಇದ್ದದ್ದು ಹೊಲದ ಕೆಲಸ, ರೇಷ್ಮೆ ಹುಳು, ಆಮೇಲೆ ಬಂದ ಗುಲಾಬಿ ತೋಟದ ಕೂಲಿ. ಸಿಪ್ಕಾಟ್ ಕಾರ್ಖಾನೆ ಅಂದರೆ ಹೆಚ್ಚಾಗಿ ಗಂಡುಮಕ್ಕಳ ಜಾಗ ಎಂದೇ ಲೆಕ್ಕ. ಈಗ ದೊಡ್ಡ ಕಂಪೆನಿಗಳೇ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುತ್ತಿವೆ.

ಪ್ರಕಟಣೆಗಳಿಗೇನೂ ಕೊರತೆಯಿಲ್ಲ. ಕೃಷ್ಣಗಿರಿ ಜಿಲ್ಲೆ ಪೋಚಂಪಳ್ಳಿಯ ಸ್ಕೂಟರ್ ಕಾರ್ಖಾನೆಯನ್ನು ಪೂರ್ತಿ ಮಹಿಳೆಯರೇ ನಡೆಸುತ್ತಾರೆ ಎಂದು 2021ರ ಸೆಪ್ಟೆಂಬರ್‌ನಲ್ಲಿ ಓಲಾ ಮುಖ್ಯಸ್ಥ ಭವಿಶ್ ಅಗರ್ವಾಲ್ ಹೇಳಿದರು. ಪೂರ್ಣ ಸಾಮರ್ಥ್ಯಕ್ಕೆ ಬಂದಾಗ 10,000ಕ್ಕೂ ಹೆಚ್ಚು ಮಹಿಳೆಯರಿಗೆ ಕೆಲಸ ಎಂಬುದು ಅವರ ಮಾತು. ಹೊಸೂರಿನ ಅಶೋಕ್ ಲೇಲ್ಯಾಂಡ್ ಘಟಕದಲ್ಲಿ ಎಂಜಿನ್ ತಯಾರಿಕೆಯ ಒಂದು ಸಾಲನ್ನೇ ಮಹಿಳೆಯರ ಕೈಗೆ ಕೊಡಲಾಯಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್, ಹೊಸೂರು ಬಳಿಯ ಐಫೋನ್ ಕಾರ್ಖಾನೆಯಲ್ಲಿ 60,000 ಮಂದಿಗೆ ಕೆಲಸ ಸಿಗಲಿದೆ, ಅದರಲ್ಲಿ ಮೊದಲ 6,000 ಮಂದಿ ರಾಂಚಿ, ಹಜಾರಿಬಾಗ್ ಸುತ್ತಲಿನ ಬುಡಕಟ್ಟು ಹೆಣ್ಣುಮಕ್ಕಳು ಎಂದರು. 'ಆಗಲಿದೆ', 'ಬಂದಾಗ' ಎಂಬ ಪದಗಳನ್ನು ಓದುಗರು ಗಮನಿಸಬೇಕು. ಪ್ರಕಟಣೆಯ ಸಂಖ್ಯೆ ಬೇರೆ, ಸಂಬಳದ ಪಟ್ಟಿಯ ಸಂಖ್ಯೆ ಬೇರೆ.

ಕಂಪೆನಿಗಳ ಭಾಷೆಯಲ್ಲಿ ಇದಕ್ಕೆ ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್ ಅಂತ ಮೂರು ಹೆಸರು. ಎಲ್ಲ ಬಗೆಯವರನ್ನೂ ಕೆಲಸಕ್ಕೆ ತಗೊಳ್ಳೋದು ಮೊದಲನೆಯದು. ಅವರವರ ಅಗತ್ಯ ನೋಡಿ ನ್ಯಾಯವಾಗಿ ನಡೆಸಿಕೊಳ್ಳೋದು ಎರಡನೆಯದು. ಒಳಗೆ ಬಂದವರು ಹೊರಗಿನವರ ಹಾಗೆ ಉಳಿಯದಂತೆ ನೋಡೋದು ಮೂರನೆಯದು. ಮೊದಲನೆಯದನ್ನು ಎಣಿಸಬಹುದು, ಫೋಟೋ ತೆಗೆಯಬಹುದು. ಮೂರನೆಯದಕ್ಕೆ ಫೋಟೋ ಇಲ್ಲ. ಗಡಿನಾಡಿನ ಕನ್ನಡದ ಮನೆಗಳ ತೊಡಕು ಇರುವುದು ಅಲ್ಲೇ.

ಟೈಟಾನ್ ತೋರಿಸಿದ ದಾರಿ

ಇದೆಲ್ಲ ಈಗ ಶುರುವಾದದ್ದು ಎಂದುಕೊಂಡರೆ ತಪ್ಪು. ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ 1984ರಲ್ಲಿ ಟೈಟಾನ್ ಕಟ್ಟಿದಾಗ ಹೊಸೂರು ಹಿಂದುಳಿದ ಪ್ರದೇಶ. ಕೃಷ್ಣಗಿರಿ ಆಗಿನ್ನೂ ಪ್ರತ್ಯೇಕ ಜಿಲ್ಲೆಯಲ್ಲ, ಧರ್ಮಪುರಿಯ ಭಾಗ (2004ರಲ್ಲಿ ಬೇರೆಯಾಯಿತು). ಕ್ಸರ್ಕ್ಸಿಸ್ ದೇಸಾಯಿ ನೇತೃತ್ವದ ಆ ಕಂಪೆನಿ, ಶಾಲೆ ಮುಗಿಸಿ ಬಂದ ಹಳ್ಳಿಯ ಹುಡುಗ-ಹುಡುಗಿಯರನ್ನು ತೆಗೆದುಕೊಂಡು ತಾನೇ ಕೆಲಸ ಕಲಿಸಿತು. ಕಿವಿ ಕೇಳದವರು, ಕೈಕಾಲಿನ ಊನ ಇರುವವರು ಸೇರಿದಂತೆ ಅಂಗವಿಕಲರನ್ನು ಕೈಗಡಿಯಾರ ಜೋಡಿಸುವ ಕೆಲಸಕ್ಕೆ ಕೂರಿಸಿತು. ಅಂಗವಿಕಲರ ಕಾಯ್ದೆ ದೇಶದಲ್ಲಿ ಬಂದದ್ದು 1995ರಲ್ಲಿ. ಅದಕ್ಕೂ ಮೊದಲೇ ನಡೆದ ಕೆಲಸ ಇದು.

1990ರ ದಶಕದಲ್ಲಿ ಮೈರಾಡ ಸಂಸ್ಥೆ ಈ ಭಾಗದ ಹಳ್ಳಿಯ ಮಹಿಳಾ ಸಂಘಗಳಿಂದ 'ಮೆಡೋ' ಎಂಬ ಉದ್ಯಮ ಕಟ್ಟಿಸಿತು. ಗಡಿಯಾರದ ಲೋಹದ ಪಟ್ಟಿಯ ಕೊಂಡಿ ಜೋಡಿಸುವಂಥ ಕೆಲಸವನ್ನು ಟೈಟಾನ್ ಅವರಿಗೆ ಕೊಟ್ಟಿತು. ಊರು ಬಿಟ್ಟು ಹೋಗಲಾಗದ ಹೆಂಗಸರ ಹತ್ತಿರಕ್ಕೆ ಕೆಲಸವೇ ಬಂತು. ಮಹಿಳೆಯರು ಬರೀ ಕೂಲಿಯವರಾಗಿ ಉಳಿಯಲಿಲ್ಲ, ಉದ್ಯಮದ ಪಾಲುದಾರರೂ ಆದರು.

ಟೈಟಾನ್ ಮಾಡಿದ್ದೆಲ್ಲ ಸರಿ ಅಂತ ಹೇಳ್ತಿಲ್ಲ. ಆದರೆ ಒಂದು ಸಂಗತಿ ಗಮನಿಸಬೇಕು. ಕಿವಿ ಕೇಳದ ಹುಡುಗನನ್ನು ತಗೊಂಡ ಮೇಲೆ ಅವನೊಂದಿಗೆ ಮಾತಾಡುವ ದಾರಿಯನ್ನು ಮೇಲಿನವರೂ ಕಲಿಯಲೇಬೇಕು. ಇಲ್ಲದಿದ್ದರೆ ಕೆಲಸ ನಡೆಯೋದಿಲ್ಲ. ಅಂದರೆ ಮಾತಿನ ತೊಡಕನ್ನು ಬಿಡಿಸುವುದು ಕಾರ್ಖಾನೆಗೆ ಆಗದ ಕೆಲಸವೇನಲ್ಲ. ಸನ್ನೆಗೆ ಜಾಗ ಮಾಡಬಹುದಾದರೆ ಕನ್ನಡಕ್ಕೆ, ತೆಲುಗಿಗೆ, ಹಿಂದಿಗೆ, ಒಡಿಯಾಕ್ಕೆ ಯಾಕಾಗದು?

ವರದಿಯಲ್ಲಿ ಇಲ್ಲದ ಕಾಲಂ

ಬಿ.ಕಾಂ. ಓದಿದವರಿಗೆ ವಾರ್ಷಿಕ ವರದಿ ತಿರುವುವ ಚಟ ಬಿಡುವುದಿಲ್ಲ. ಷೇರುಪೇಟೆಯ ಮೊದಲ 1,000 ಕಂಪೆನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿ ಕೊಡುವುದನ್ನು ಸೆಬಿ ಕಡ್ಡಾಯ ಮಾಡಿದೆ. ಟೈಟಾನ್, ಟಿವಿಎಸ್ ಮೋಟಾರ್, ಅಶೋಕ್ ಲೇಲ್ಯಾಂಡ್ ಎಲ್ಲ ಇದರಡಿ ಬರುತ್ತವೆ. ಗಂಡಸರೆಷ್ಟು, ಹೆಂಗಸರೆಷ್ಟು, ಅಂಗವಿಕಲರೆಷ್ಟು, ಕಾಯಂ ಎಷ್ಟು, ಕಾಯಂ ಅಲ್ಲದವರೆಷ್ಟು, ಲೈಂಗಿಕ ಕಿರುಕುಳದ ದೂರು ಎಷ್ಟು ಬಂತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ಟಾಟಾ ಎಲೆಕ್ಟ್ರಾನಿಕ್ಸ್ ಷೇರುಪೇಟೆಯಲ್ಲಿಲ್ಲ, ಹಾಗಾಗಿ ಅದಕ್ಕೆ ಈ ವರದಿ ಕಡ್ಡಾಯವಲ್ಲ.

ಈ ಕೋಷ್ಟಕದಲ್ಲಿ ಎರಡು ವಿಷಯ ನೋಡಬೇಕು. ಒಂದು, 'ಕಾಯಂ ಅಲ್ಲದವರು' ಎಂಬ ಸಾಲು. ಕಂಪೆನಿಯ ಒಳ್ಳೆಯ ನೀತಿಗಳ ಫಲ ಬಹುತೇಕ ಕಾಯಂ ನೌಕರರಿಗೆ. ಗುತ್ತಿಗೆದಾರನ ಮೂಲಕ ಬಂದವಳ ಕೊರಳಲ್ಲೂ ಅದೇ ಕಂಪೆನಿಯ ಗುರುತಿನ ಚೀಟಿ ಇರಬಹುದು, ಸಂಬಳ ಕೊಡುವವನು ಬೇರೆ. ಎರಡನೆಯದು, ಭಾಷೆಯ ಕಾಲಂ ಇಲ್ಲವೇ ಇಲ್ಲ. ಕೆಲಸಗಾರರಲ್ಲಿ ಯಾವ ಮಾತಿನವರು ಎಷ್ಟಿದ್ದಾರೆ, ದೂರು ಸಮಿತಿಯಲ್ಲಿ ಯಾವ ಭಾಷೆ ನಡೆಯುತ್ತದೆ ಎಂಬುದನ್ನು ಕಂಪೆನಿ ಯಾರಿಗೂ ಹೇಳಬೇಕಿಲ್ಲ.

ಕಾನೂನಿನಲ್ಲೂ ಇದೇ ಕಥೆ. ಕಾರ್ಖಾನೆಯೊಳಗೆ ಹಾಕುವ ಸೂಚನೆಗಳು ಇಂಗ್ಲಿಷಿನಲ್ಲಿ ಮತ್ತು 'ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ' ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಹೇಳುತ್ತಿತ್ತು. ಹೆಚ್ಚಿನವರು ಅಂದರೆ ಇಲ್ಲಿ ತಮಿಳರು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆ ಹಿಂದೆ ಸರಿಯಿತು. ಆದರೆ ಮುಕ್ಕಾಲು ಶತಮಾನದ ರೂಢಿ ಹಾಗೆಲ್ಲ ಒಂದೇ ದಿನಕ್ಕೆ ಹೋಗುವುದಿಲ್ಲ.

ನಮ್ಮ ಮಕ್ಕಳಿಗೆ ತಮಿಳು ಬರುತ್ತದಲ್ಲ ಅನ್ನಬಹುದು. ಬರುತ್ತದೆ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಶಾಲೆ ಸೇರಿದವರಿಗೆ ಓದಲೂ ಬರುತ್ತದೆ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ತಮಿಳು ಎಂದು ಬದುಕಿದವರು ಇಲ್ಲಿ ಬೇಕಾದಷ್ಟಿದ್ದೇವೆ. ಸಾಮಾನು ಕೊಳ್ಳಲು, ಬಸ್ ಕೇಳಲು ಮೂರೂ ಸಾಕು. ಆದರೆ ಮೇಲ್ವಿಚಾರಕ ಕೈ ಹಿಡಿದು ಎಳೆದ ಎಂದು ಐದು ಜನರ ಸಮಿತಿ ಮುಂದೆ ಹೇಳುವಾಗ ಹೆಣ್ಣುಮಗಳಿಗೆ ಬೇಕಾಗುವುದು ಮನೆಮಾತು. ಎರಡನೇ ಭಾಷೆಯಲ್ಲಿ ಅರ್ಧ ಹೇಳಿ ಅರ್ಧ ನುಂಗುವ ಪರಿಸ್ಥಿತಿ ಯಾರಿಗೂ ಬರಬಾರದು.

ಹಾಸ್ಟೆಲಿನ ಬಾಗಿಲು

2025ರ ನವೆಂಬರ್‌ನಲ್ಲಿ ಏನಾಯಿತು ಎಂಬುದು ಈ ಭಾಗದ ಎಲ್ಲ ಮನೆಗಳಿಗೂ ಗೊತ್ತು. ಟಾಟಾ ಎಲೆಕ್ಟ್ರಾನಿಕ್ಸ್ ಕೆಲಸಗಾರ್ತಿಯರ ಹಾಸ್ಟೆಲಿನ ಸ್ನಾನದ ಕೋಣೆಯಲ್ಲಿ ಗುಪ್ತ ಕ್ಯಾಮೆರಾ ಸಿಕ್ಕಿತು. ಸಾವಿರಾರು ಹೆಣ್ಣುಮಕ್ಕಳು ರಾತ್ರಿಯೇ ಹೊರಗೆ ಬಂದು ಪ್ರತಿಭಟಿಸಿದರು. ಪೊಲೀಸರು ಅಲ್ಲಿನ ಕೆಲಸಗಾರ್ತಿಯೊಬ್ಬಳನ್ನೂ ಅವಳ ಪರಿಚಯದ ಯುವಕನನ್ನೂ ಬಂಧಿಸಿದರು. ಇದಕ್ಕೂ ಮೊದಲು, 2021ರ ಡಿಸೆಂಬರ್‌ನಲ್ಲಿ, ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಹುಡುಗಿಯರು ಹಾಸ್ಟೆಲಿನ ಊಟ ವಿಷವಾಗಿದ್ದಕ್ಕೆ ಚೆನ್ನೈ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತಿದ್ದರು.

ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಇಲ್ಲಿ ಕೇಳಬೇಕಾದ್ದು ಬೇರೆ. ಊಟದ ದೂರಾಗಲಿ, ಸ್ನಾನದ ಮನೆಯ ದೂರಾಗಲಿ, ರಸ್ತೆಗೆ ಬಂದ ಮೇಲೇ ಕೇಳಿಸುವುದೇಕೆ? ಒಳಗಿನ ದಾರಿಯ ಮೇಲೆ ಹುಡುಗಿಯರಿಗೆ ನಂಬಿಕೆ ಇರಲಿಲ್ಲ ಎಂದೇ ನನ್ನ ಅನಿಸಿಕೆ. ಒಂದೇ ಹಾಸ್ಟೆಲಿನಲ್ಲಿ ನಾಲ್ಕಾರು ರಾಜ್ಯದವರು ಇರುವಾಗ ವಾರ್ಡನ್‌ಗೆ ಎರಡು ಭಾಷೆ ಬಂದರೆ ಉಳಿದವರು ಯಾರ ಹತ್ತಿರ ಹೋಗಬೇಕು? 'ಹೊರರಾಜ್ಯದವರು ಬಂದು ನಮ್ಮ ಕೆಲಸ ತಗೊಂಡರು' ಎಂಬ ಮಾತು ನಮ್ಮಲ್ಲೂ ಇದೆ. ರಾಂಚಿಯ ಹುಡುಗಿಯ ಕಷ್ಟ ನಮ್ಮ ತಳಿಯ ಹುಡುಗಿಗಿಂತ ಒಂದು ಕೈ ಹೆಚ್ಚೇ. ನಮ್ಮವಳಿಗೆ ಭಾನುವಾರ ಮನೆಗೆ ಬರಲು ಬಸ್ಸಾದರೂ ಇದೆ.

ಮದುವೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಫಾಕ್ಸ್‌ಕಾನ್‌ನ ಶ್ರೀಪೆರಂಬುದೂರು ಘಟಕದಲ್ಲಿ ಐಫೋನ್ ಜೋಡಣೆಗೆ ಮದುವೆಯಾದವರನ್ನು ದೂರ ಇಡಲಾಗುತ್ತಿತ್ತು ಎಂದು 2024ರ ಜೂನ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಕೇಂದ್ರ ಸರ್ಕಾರ ತಮಿಳುನಾಡಿನಿಂದ ವಿವರಣೆ ಕೇಳಿತು. ಹುಡುಗಿಯರಿಗೆ ಬಾಗಿಲು ತೆರೆದು, ಮದುವೆಯಾದ ಕೂಡಲೇ ಮುಚ್ಚಿದರೆ ಅದು ಸೇರಿಸಿಕೊಳ್ಳುವುದಲ್ಲ, ಪ್ರಾಯದ ನಾಲ್ಕು ವರ್ಷ ಬಾಡಿಗೆಗೆ ತೆಗೆದುಕೊಳ್ಳುವುದು.

ಎರಡೂ ಕಡೆ ಹೊರಗಿನವರು

'ಸ್ಥಳೀಯರಿಗೆ ಕೆಲಸ' ಎಂಬ ಕೂಗು ಎರಡೂ ರಾಜ್ಯಗಳಲ್ಲಿದೆ. 2021ರ ಚುನಾವಣೆಯಲ್ಲಿ ಡಿಎಂಕೆ 75 ಶೇಕಡಾ ಭರವಸೆ ಕೊಟ್ಟಿತ್ತು. ಕರ್ನಾಟಕ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿದ ಮಸೂದೆಯಲ್ಲಿ ಆಡಳಿತ ಹುದ್ದೆಗಳಲ್ಲಿ 50, ಉಳಿದವುಗಳಲ್ಲಿ 70 ಶೇಕಡಾ ಸ್ಥಳೀಯರಿಗೆ ಎಂದಿತ್ತು. ಉದ್ಯಮಿಗಳು ಗಲಾಟೆ ಮಾಡಿದ ಮೇಲೆ ಎರಡೇ ದಿನಕ್ಕೆ ತಡೆಹಿಡಿದರು. ಹರಿಯಾಣದ 75 ಶೇಕಡಾ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲೇ ರದ್ದು ಮಾಡಿತ್ತು.

ಕರ್ನಾಟಕದ ಆ ಮಸೂದೆಯಲ್ಲಿ ಸ್ಥಳೀಯ ಅಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ನೆಲೆಸಿ, ಕನ್ನಡ ಓದಿ ಬರೆಯಬಲ್ಲವರು. ಡೆಂಕಣಿಕೋಟೆಯ ಕನ್ನಡ ಶಾಲೆಯಲ್ಲಿ ಓದಿದ ಮಗು ಇದರಲ್ಲಿ ಬರುವುದಿಲ್ಲ. ಹೆರಿಗೆಗೆ ಆನೇಕಲ್ ತವರಿಗೆ ಹೋದವರ ಮಕ್ಕಳು ಅರ್ಧ ಪಾಸು, ಹುಟ್ಟಿದ್ದು ಸರಿ, ನೆಲೆಸಿದ್ದು ತಪ್ಪು! ಅತ್ತಿಬೆಲೆಗೆ ಹತ್ತು ಕಿಲೋಮೀಟರ್ ದೂರವೂ ಇಲ್ಲದ ಹೊಸೂರು ಬೆಂಗಳೂರಿನವರಿಗೆ ನೆನಪಾಗಲಿಲ್ಲ. ತಮಿಳುನಾಡಿನಲ್ಲಿ ಮನೆಮಾತಿನ ಲೆಕ್ಕ, ಕರ್ನಾಟಕದಲ್ಲಿ ಹುಟ್ಟಿದೂರಿನ ಲೆಕ್ಕ. ಎರಡರಲ್ಲೂ ನಮ್ಮವರು ಹೊರಗೆ. ಹಾಗಾಗಿ ಶೇಕಡಾವಾರು ಮೀಸಲಿನ ಬೆನ್ನು ಹತ್ತುವುದರಿಂದ ಗಡಿನಾಡಿನವರಿಗೆ ಲಾಭವಿಲ್ಲ. ಒಳಗೆ ಹೋದವರ ಮಾತು ಕೇಳುವ ವ್ಯವಸ್ಥೆ ಮಾಡಿ ಎಂದು ಕೇಳುವುದೇ ಮೇಲು. ಆ ಬೇಡಿಕೆಯಲ್ಲಿ ತೆಲುಗಿನವರು, ಜಾರ್ಖಂಡ್‌ನವರು ಎಲ್ಲರೂ ನಮ್ಮ ಜೊತೆಗೇ ನಿಲ್ಲಬಹುದು.

ಕಳಿಸುವ ಮುನ್ನ

ಕೆಲಸಕ್ಕೆ ಕಳಿಸಬೇಡಿ ಎಂದು ಹೇಳುವುದು ಸುಲಭ. ಅದು ಮಗಳ ಸಂಬಳಕ್ಕೂ ಸ್ವಾತಂತ್ರ್ಯಕ್ಕೂ ಕಲ್ಲು ಹಾಕಿದಂತೆ. ಕೇಳಿ ತಿಳಿದು ಕಳಿಸಿ. ನೇಮಕಾತಿ ಪತ್ರ ಈಗ ಎಲ್ಲ ಕಾರ್ಮಿಕರ ಹಕ್ಕು. ಅದರಲ್ಲಿ ಕಂಪೆನಿಯ ಹೆಸರಿದೆಯೋ, ಗುತ್ತಿಗೆದಾರನದೋ ನೋಡಿ. ಮಹಿಳೆಯರ ರಾತ್ರಿ ಪಾಳಿಯ ನಿಷೇಧವನ್ನು ಮದ್ರಾಸ್ ಹೈಕೋರ್ಟ್ 2000ದ ಡಿಸೆಂಬರ್‌ನಲ್ಲೇ ತೆಗೆದುಹಾಕಿತು. ಹೊಸ ಸಂಹಿತೆಯಲ್ಲಿ ರಾತ್ರಿ ಪಾಳಿಗೆ ಅವಳ ಒಪ್ಪಿಗೆ ಬೇಕೇಬೇಕು. ಮಹಿಳಾ ಹಾಸ್ಟೆಲುಗಳು ತಮಿಳುನಾಡಿನ 2014ರ ಕಾಯ್ದೆಯಡಿ ನೋಂದಣಿ ಮಾಡಿಸಿ ಪರವಾನಗಿ ಪಡೆಯಬೇಕು, ಅದನ್ನೂ ಕೇಳಿ.

ಹತ್ತು ಜನ ಕೆಲಸ ಮಾಡುವ ಜಾಗದಲ್ಲೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷರು ಮಹಿಳೆ, ಹೊರಗಿನ ಸದಸ್ಯರೊಬ್ಬರು ಕಡ್ಡಾಯ. ಕಂಪೆನಿ ಬಸ್ಸೂ ಕೆಲಸದ ಜಾಗವೇ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಬರೆಯಲು ಆಗದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಹೊಣೆ. ಸಮಿತಿಯಲ್ಲಿ ಕನ್ನಡ ಬಲ್ಲವರನ್ನು ಕೇಳಲು ಈ ಒಂದು ಸಾಲೇ ಆಧಾರ.

ಕಂಪೆನಿಯ ಹೊರಗೆ ಹೋಗಬೇಕಾದರೆ ಇನ್ನೊಂದು ದಾರಿಯಿದೆ, ಬಹಳ ಜನಕ್ಕೆ ಗೊತ್ತಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರ್ಕಾರಿ ಅಧಿಕಾರಿಗೆ ಅಹವಾಲು ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಕೃಷ್ಣಗಿರಿ ಕಲೆಕ್ಟರಿಗಾಗಲಿ, ಕಾರ್ಮಿಕ ಇಲಾಖೆಗಾಗಲಿ ಕನ್ನಡದಲ್ಲೇ ಬರೆದು ಕೊಡಿ, 'ತಮಿಳಿನಲ್ಲಿ ತನ್ನಿ' ಎಂದು ವಾಪಸು ಕಳಿಸುವ ಹಾಗಿಲ್ಲ. ಮಹಿಳಾ ಸಹಾಯವಾಣಿ 181. ಆಂತರಿಕ ಸಮಿತಿ ಸದಸ್ಯರ ಹೆಸರು, ಫೋನ್ ನಂಬರನ್ನು ಸೇರಿದ ಮೊದಲ ವಾರವೇ ಬರೆದುಕೊಳ್ಳಲು ಮಗಳಿಗೆ ಹೇಳಿ. ಒಂದು ಪ್ರತಿ ಅವಳ ಹತ್ತಿರ, ಇನ್ನೊಂದು ಮನೆಯ ಕ್ಯಾಲೆಂಡರ್ ಹಿಂದೆ ಇರಲಿ.