ಯುಗಾದಿಯೂ ದ್ರಾಕ್ಷಿಯ ಸುಗ್ಗಿಯೂ

ಚೈತ್ರವು ಚಿಗುರಿನ ಮಾಸವೆಂದು ಪಂಚಾಂಗವು ಎಷ್ಟು ದೃಢವಾಗಿ ಸಾರಿದರೂ ನಾವು ನೆಲೆಸಿರುವ ದಕ್ಷಿಣ ಆಸ್ಟ್ರೇಲಿಯದಲ್ಲಿ ಅದು ಎಲೆ ಹಣ್ಣಾಗುವ ಕಾಲ. ಅಡಿಲೇಡಿನ ಕನ್ನಡಿಗರು ಬೇವುಬೆಲ್ಲ ಹಂಚಿಕೊಳ್ಳುವ ಹೊತ್ತಿಗೆ, ಇಲ್ಲಿಂದ ಈಶಾನ್ಯಕ್ಕೆ ಗಂಟೆಯೊಂದರ ದಾರಿಯಲ್ಲಿರುವ ಬರೋಸಾ ಕಣಿವೆಯಲ್ಲಿ ದ್ರಾಕ್ಷಿಯ ಸುಗ್ಗಿ ಭರದಿಂದ ಸಾಗಿರುತ್ತದೆ. ಫೆಬ್ರವರಿಯಲ್ಲಿ ಮೊದಲಾಗಿ ಏಪ್ರಿಲ್‌ವರೆಗೆ ನಡೆಯುವ ಆ ಕೆಲಸಕ್ಕೆ ನಮ್ಮವರ ಮಕ್ಕಳೂ ಊರಿನಿಂದ ಹೊಸದಾಗಿ ಬಂದ ತರುಣರೂ ಹೋಗತೊಡಗಿದ್ದಾರೆ. ಎಂಜಿನಿಯರಿಂಗ್ ಓದಿದವನು ತೋಟದಲ್ಲಿ ಗೊಂಚಲು ಕತ್ತರಿಸುವುದೆ, ಅದೂ ಮದ್ಯಕ್ಕಾಗಿಯೆ, ಎಂಬ ಪಿಸುಮಾತು ಸಂಘದ ಊಟದ ಪಂಕ್ತಿಗಳಲ್ಲಿ ಕೇಳಿಬರುತ್ತಿರುವುದರಿಂದ, ಈ ಯುಗಾದಿ ಸಂಚಿಕೆಯ ಮೊದಲ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಬರೋಸಾವನ್ನು ಕಟ್ಟಿದವರೂ ವಲಸೆಗಾರರೇ. ಸೈಲೀಸಿಯ ಪ್ರಾಂತದ ಲೂಥರನ್ ಪಂಥದ ಜರ್ಮನ್ ಕುಟುಂಬಗಳು 1842ರಲ್ಲಿ ಇಲ್ಲಿಗೆ ಬಂದು ಒಕ್ಕಲಾದವು. ಮರುವರ್ಷ ನೆಟ್ಟ ಶಿರಾಜ್ ಬಳ್ಳಿಗಳಲ್ಲಿ ಕೆಲವು ಇಂದಿಗೂ ಫಲ ಕೊಡುತ್ತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ದ್ರಾಕ್ಷಿತೋಟಗಳನ್ನು ಬುಡಸಮೇತ ತಿಂದುಹಾಕಿದ ಫಿಲಾಕ್ಸೆರಾ ಎಂಬ ಬೇರುಹೇನು 1877ರಲ್ಲಿ ನೆರೆಯ ವಿಕ್ಟೋರಿಯಕ್ಕೂ ಬಂದಿತಾದರೂ, 1899ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿಕೊಂಡು ಗಡಿ ಕಾಯ್ದ ದಕ್ಷಿಣ ಆಸ್ಟ್ರೇಲಿಯಕ್ಕೆ ಅದು ಕಾಲಿಡಲಿಲ್ಲ. ಕೀಟದಿಂದ ಉಳಿದ ಬಳ್ಳಿಗಳಿಗೆ ಕಂಟಕ ಬಂದದ್ದು ಸರ್ಕಾರದಿಂದ: 1980ರ ದಶಕದಲ್ಲಿ, ಹಣ್ಣಿಗೆ ಬೆಲೆಯಿಲ್ಲವೆಂದು ರೈತರಿಗೆ ಹಣ ಕೊಟ್ಟು ಹಳೆಯ ತೋಟಗಳನ್ನು ಕೀಳಿಸಲಾಯಿತು. ಆಗ ಕೀಳಲೊಪ್ಪದ ಕೆಲವು ಹಟಮಾರಿ ಮನೆತನಗಳೂ ಅವರ ಹಣ್ಣನ್ನು ಕೊಂಡ ಸಣ್ಣ ವೈನರಿಗಳೂ ಇಲ್ಲದಿದ್ದರೆ, 125 ವರ್ಷ ದಾಟಿದ ಬಳ್ಳಿಗೆ ಈಗ ‘ಪೂರ್ವಜ’ ಎಂಬ ಪದವಿಯನ್ನಿತ್ತು ಗೌರವಿಸುವ ಭಾಗ್ಯ ಬರೋಸಾದವರಿಗೆ ಬರುತ್ತಿರಲಿಲ್ಲ.

ಈ ಹಿರಿಯ ಬಳ್ಳಿಗಳೇ ನಮ್ಮ ಹುಡುಗರಿಗೆ ಕೆಲಸ ಕೊಡುತ್ತಿರುವುದು. ದೊಡ್ಡ ತೋಟಗಳಲ್ಲಿ ಯಂತ್ರವು ರಾತ್ರಿಯ ತಂಪಿನಲ್ಲಿ ಸಾಲಿನ ಮೇಲೆ ಹಾದು ಹಣ್ಣನ್ನು ಉದುರಿಸಿಕೊಳ್ಳುತ್ತದೆ. ಆದರೆ ಮೊಣಕಾಲೆತ್ತರಕ್ಕೆ ತಿರುಚಿಕೊಂಡು ನಿಂತ ಮುದಿಬಳ್ಳಿಯ ಮುಂದೆ ಯಂತ್ರವು ನಿಷ್ಪ್ರಯೋಜಕ. ಬಿಸಿಲೇರುವ ಮುನ್ನ ಬಾಗಿ, ಎಡಗೈಯಲ್ಲಿ ಗೊಂಚಲನ್ನು ಹಿಡಿದು, ಬಲಗೈಯ ಕತ್ತರಿಯಿಂದ ತೊಟ್ಟನ್ನು ತುಂಡರಿಸಿ, ಎಲೆ ಕಡ್ಡಿ ಬೀಳದಂತೆ ಬಕೆಟ್ಟು ತುಂಬಬೇಕು. ಎಡಗೈಯ ಬೆರಳಿಗೆ ಗಾಯವಾಗದೆ ಸುಗ್ಗಿ ಮುಗಿಸಿದವರು ವಿರಳ. ಬಳಿಕ ವೈನರಿಯಲ್ಲಿ, ಬಾಯಿ ತೆರೆದ ತೊಟ್ಟಿಗಳೊಳಗೆ ಹುದುಗುತ್ತಿರುವ ರಸದ ಮೇಲೆ ಸಿಪ್ಪೆಗಳು ಗಟ್ಟಿಯಾದ ಕೆನೆಯಂತೆ ತೇಲಿ ನಿಲ್ಲುವುದರಿಂದ, ದಿನಕ್ಕೆ ಎರಡು ಮೂರು ಸಲ ಅವನ್ನು ಉದ್ದನೆಯ ಹಿಡಿಕೆಯ ತಟ್ಟೆಯಿಂದ ಒತ್ತಿ ಮುಳುಗಿಸತಕ್ಕದ್ದು. ಬಣ್ಣವೂ ಒಗರೂ ಸಿಪ್ಪೆಯಲ್ಲಿಯೇ ಇರುವುದು. ಹುದುಗುವಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ತೊಟ್ಟಿಯಲ್ಲೇ ತಂಗುತ್ತದೆ. ಹಿಪ್ಪೆ ತೆಗೆಯಲು ಅವಸರದಿಂದ ಒಳಗಿಳಿದವರು ಪ್ರಾಣ ಕಳೆದುಕೊಂಡದ್ದುಂಟು. ಇವೆಲ್ಲಕ್ಕಿಂತ ಹೆಚ್ಚಿನ ಹೊತ್ತು ಹೋಗುವುದು ತೊಳೆಯುವುದಕ್ಕೆ. ಕೊಳವೆ, ಪಂಪು, ಪೀಪಾಯಿ, ನೆಲ, ಮತ್ತೆ ಕೊಳವೆ. ಸಣ್ಣ ವೈನರಿಯಾದರೆ ಮಾಲೀಕನೂ ರಬ್ಬರ್ ಬೂಟು ತೊಟ್ಟು ಪಕ್ಕದಲ್ಲಿ ನಿಂತು ತೊಳೆಯುತ್ತಾನೆ. ಆಳಿಗೂ ಒಡೆಯನಿಗೂ ಒಂದೇ ಪೊರಕೆ ಎಂಬ ಈ ಪಾಠವು ನಮ್ಮ ಕಚೇರಿಗಳಲ್ಲಿ ಸುಲಭವಾಗಿ ದೊರೆಯತಕ್ಕದ್ದಲ್ಲ.

ಮದ್ಯದ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಕುಡಿಯುವುದು ಬಿಡುವುದು ಅವರವರ ಮನೆಯ ಮಾತು. ವೈನರಿಯಲ್ಲಿ ರುಚಿ ನೋಡುವವನು ಬಾಯಿಗೆ ಹಾಕಿಕೊಂಡದ್ದನ್ನು ಉಗುಳುತ್ತಾನೆಂಬುದನ್ನು ಮಾತ್ರ ತಿಳಿಸಬಯಸುತ್ತೇವೆ.

ದ್ರಾಕ್ಷಿಯು ನಮಗೇನು ಅಪರಿಚಿತವೆ? ವಿಜಯಪುರದ ಕಡೆಯ ರೈತರು ವರ್ಷಕ್ಕೆರಡು ಸಲ ಚಾಟ್ನಿ ಮಾಡಿ, ಎಂದರೆ ಬಳ್ಳಿಯನ್ನು ಸವರಿ, ಏಪ್ರಿಲ್ಲಿನದರಿಂದ ಕಡ್ಡಿಯನ್ನೂ ಅಕ್ಟೋಬರಿನದರಿಂದ ಹಣ್ಣನ್ನೂ ಪಡೆಯುತ್ತಾರೆ; ಆದಕಾರಣ ಭೂಗೋಳದ ಎರಡು ಅರ್ಧಗಳಲ್ಲಿದ್ದರೂ ಅವರ ಕೊಯ್ಲೂ ಬರೋಸಾದ ಕೊಯ್ಲೂ ಹೆಚ್ಚುಕಡಿಮೆ ಒಂದೇ ತಿಂಗಳುಗಳಲ್ಲಿ ಬೀಳುತ್ತವೆ. ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವ ಇಲ್ಲಿನ ಬಳ್ಳಿಗೆ ದೊರೆಯುವ ವಿಶ್ರಾಂತಿ ಅಲ್ಲಿನ ಬಳ್ಳಿಗಿಲ್ಲ, ಅಲ್ಲಿನ ರೈತನಿಗೂ ಇಲ್ಲ. ಅಂಥ ಮನೆಯಿಂದ ಬಂದ ಹುಡುಗನು ಇಲ್ಲಿ ಕತ್ತರಿ ಹಿಡಿದರೆ ಅವಮಾನವೆನ್ನುವವರು ಅವನ ತಂದೆಯ ಕೈಗಳನ್ನು ಕಂಡಿಲ್ಲ.

ಭಾರತದ 18ರಿಂದ 30ರ ವಯಸ್ಸಿನ ತರುಣರಲ್ಲಿ ವರ್ಷಕ್ಕೆ 1000 ಮಂದಿಯನ್ನು ಚೀಟಿ ಎತ್ತಿ ಆರಿಸಿ, ಕೆಲಸ ಮಾಡುತ್ತ ಪ್ರವಾಸ ಮಾಡಲು ವೀಸಾ ಕೊಡುವ ಪದ್ಧತಿಯನ್ನು ಈ ದೇಶವು 2024ರಲ್ಲಿ ಆರಂಭಿಸಿದೆ; ಗ್ರಾಮಾಂತರದ ತೋಟಗಳಲ್ಲಿ ಮೂರು ತಿಂಗಳು ದುಡಿದರೆ ಎರಡನೆಯ ವರ್ಷಕ್ಕೂ ಅರ್ಜಿ ಹಾಕಬಹುದು. ಆದುದರಿಂದ ಇಂಥವರು ಇನ್ನೂ ಬರುತ್ತಾರೆ. ಸಂಬಳ ಕೊಟ್ಟ ಮೇಲೆ ಒಂದು ಕೆಲಸದ ದಿನದೊಳಗೆ ವೇತನಚೀಟಿ ಕೊಡಬೇಕೆಂಬುದು ಇಲ್ಲಿನ ಕಾನೂನೆಂದು ಅವರಿಗೆ ತಿಳಿಸುವುದೂ, ಕಾರಿಲ್ಲದೆ ಕಣಿವೆಯಲ್ಲಿ ಸಿಕ್ಕಿಕೊಂಡವರಿಗೆ ಭಾನುವಾರ ಒಂದು ಹೊತ್ತಿನ ಸಾರು-ಅನ್ನ ಬಡಿಸುವುದೂ ಪಿಸುಮಾತಿಗಿಂತ ಉಪಯುಕ್ತವಾದ ಕಾರ್ಯ. ಸುಗ್ಗಿ ಮುಗಿಯುವವರೆಗೆ ಬರೋಸಾದಿಂದ ಇವರನ್ನು ಕರೆತಂದು ಬಿಟ್ಟುಬರಲು ಒಪ್ಪುವ ಸದಸ್ಯರು ತಮ್ಮ ಹೆಸರುಗಳನ್ನು ಕಾರ್ಯದರ್ಶಿಗಳಲ್ಲಿ ನೋಂದಾಯಿಸಬೇಕಾಗಿ ವಿನಂತಿ.