ಅವಗಣನೆಗೆ ಪಾತ್ರವಾದ ಒಂದು ಆಟ

ಆಟವು ಪಾಠದ ವೈರಿಯೆಂದು ಬಗೆಯುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅದರಲ್ಲಿಯೂ ಟಿ.ವಿ. ಪೆಟ್ಟಿಗೆಗೆ ಯಂತ್ರವೊಂದನ್ನು ಜೋಡಿಸಿ ಆಡುವ ವಿಡಿಯೋ ಆಟವೆಂದೊಡನೆ ಮಾದಾಪುರದಂತಹ ಊರುಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಇಂತಹ ಆಟಗಳಲ್ಲಿ ಬಹುಪಾಲು ಕಾಲಹರಣಕ್ಕೇ ಮೀಸಲೆಂಬುದು ಸುಳ್ಳೂ ಅಲ್ಲ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಾಗದು. ಜಪಾನಿನ ‘ಮದರ್ 2’ ಎಂಬ ಆಟದ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಜಾಹೀರಾತು ಬರಹಗಾರರೆಂದು ಹೆಸರಾದ ಶಿಗೆಸಾತೊ ಇತೋಯಿ ಅವರು ರೂಪಿಸಿದ ಈ ಆಟ 1994ರಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರಬಂದಿತು. ನಿರ್ಮಾಣಕಾರ್ಯ ನಡುವಿನಲ್ಲಿಯೇ ಕುಸಿಯುವಂತಾದಾಗ ಅದನ್ನು ಎತ್ತಿ ನಿಲ್ಲಿಸಿದವರು, ಮುಂದೆ ನಿಂಟೆಂಡೊ ಸಂಸ್ಥೆಯ ಅಧ್ಯಕ್ಷರಾದ ಸಾತೋರು ಇವಾತ ಅವರು. ಮರುವರ್ಷ ಅದು ‘ಅರ್ಥ್‌ಬೌಂಡ್’ ಎಂಬ ಹೆಸರಿನಿಂದ ಅಮೆರಿಕವನ್ನು ತಲುಪಿತು. ಅಲ್ಲಿ ಅದರ ಚಿತ್ರಗಳು ತೀರ ಬಾಲಿಶವೆನಿಸಿದವು. ಪ್ರಚಾರಕರಂತೂ ಈ ಆಟ ನಾರುತ್ತದೆಂದು ತಾವೇ ಸಾರಿ, ಉಜ್ಜಿದರೆ ದುರ್ಗಂಧ ಹೊಮ್ಮುವ ಜಾಹೀರಾತುಗಳನ್ನು ಹೊರಡಿಸಿದರು! ವಿನೋದವೆಂದು ಮಾಡಿದ ಈ ಸಾಹಸ ಫಲ ಕೊಡಲಿಲ್ಲ. ಆ ವಿಶಾಲ ದೇಶದಲ್ಲಿ ಮಾರಾಟವಾದ ಪ್ರತಿಗಳು ಸುಮಾರು 1,40,000 ಮಾತ್ರ.

ಆಟದ ಒಳಹುರುಳನ್ನು ನೋಡಿದವರಿಗೆ ಈ ಅನಾದರ ಅಚ್ಚರಿಯನ್ನುಂಟುಮಾಡುತ್ತದೆ. ಕಥಾನಾಯಕ ನೆಸ್ ಎಂಬ ಬಾಲಕ. ಅವನ ಕೈಯಲ್ಲಿರುವುದು ಖಡ್ಗವಲ್ಲ, ಬೇಸ್‌ಬಾಲ್ ದಾಂಡು. ತಂದೆ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ; ದೂರವಾಣಿಯಲ್ಲಿ ಮಾತನಾಡುತ್ತಾನೆ, ಬ್ಯಾಂಕಿಗೆ ಹಣ ಹಾಕುತ್ತಾನೆ, ಅಷ್ಟೇ. ಮನೆ ಬಿಟ್ಟು ದೂರ ಹೋದಂತೆ ಬಾಲಕನನ್ನು ಮನೆಯ ಹಂಬಲ ಕಾಡತೊಡಗಿ, ಕಾಳಗದ ನಡುವೆಯೇ ಅವನು ಮಂಕಾಗುತ್ತಾನೆ. ಇದಕ್ಕಿರುವ ಮದ್ದು ತಾಯಿಗೆ ದೂರವಾಣಿ ಮಾಡುವುದು. ವಿದ್ಯಾರ್ಥಿನಿಲಯದಲ್ಲಿ ಮೊದಲ ವಾರವನ್ನು ಕಳೆದ ಯಾವ ಮಗುವಿಗೆ ಇದು ಅರ್ಥವಾಗದು? ಕಟ್ಟಕಡೆಯ ವೈರಿಯೂ ಆಯುಧಕ್ಕೆ ಮಣಿಯುವುದಿಲ್ಲ. ಪೌಲಾ ಎಂಬ ಬಾಲಿಕೆ ಪ್ರಾರ್ಥಿಸುತ್ತಾಳೆ. ದಾರಿಯುದ್ದಕ್ಕೂ ಪರಿಚಿತರಾದವರು ತಾವಿದ್ದಲ್ಲಿಂದಲೇ ಆ ಪ್ರಾರ್ಥನೆಗೆ ದನಿಗೂಡಿಸುತ್ತಾರೆ. ಹೊಡೆದಾಟವನ್ನೇ ಬಂಡವಾಳವಾಗಿಸಿಕೊಂಡ ಕ್ಷೇತ್ರದಲ್ಲಿ ಇಂತಹ ಕಲ್ಪನೆ ಸಾಮಾನ್ಯದ್ದಲ್ಲ.

ಆಟವನ್ನು ಉಳಿಸಿದವರು ಅದನ್ನು ಮಾರಿದವರಲ್ಲ, ಆಡಿದವರು. ಅವರು ಸಹಿ ಸಂಗ್ರಹಿಸಿ ವರ್ಷಗಟ್ಟಲೆ ಮನವಿ ಸಲ್ಲಿಸಿದರು. ಇದರ ಮುಂದಿನ ಕೃತಿ ‘ಮದರ್ 3’ 2006ರಲ್ಲಿ ಜಪಾನೀ ಭಾಷೆಯಲ್ಲಷ್ಟೇ ಬಂದಾಗ, ಅಭಿಮಾನಿಗಳು ಪ್ರತಿಫಲವಿಲ್ಲದೆ ದುಡಿದು 2008ರಲ್ಲಿ ಇಂಗ್ಲಿಷಿಗೆ ಅನುವಾದಿಸಿಕೊಂಡರು. ಕೊನೆಗೆ 2013ರಲ್ಲಿ ನಿಂಟೆಂಡೊ ಹಳೆಯ ಆಟವನ್ನು ಮರಳಿ ಬಿಡುಗಡೆ ಮಾಡಿತು. ಅದನ್ನು ಆಡಿ ಬೆಳೆದ ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ 2015ರಲ್ಲಿ ಲೋಕಪ್ರಸಿದ್ಧವಾಯಿತು. ಮೂಲ ಪ್ರತಿಗಳಿಗೆ ಈಗ ವಿಪರೀತ ಬೆಲೆ ತೆರುವವರಿದ್ದಾರೆ. ಅದು ಸಂಗ್ರಹಕಾರರ ಚಪಲ, ಆಟದ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಂತಹ ನಿಷ್ಠೆ ಕನ್ನಡ ನಾಡಿಗೆ ಅಪರಿಚಿತವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿ ಅಕ್ಕರೆಯಿಂದ ಪೋಷಿಸಿದ ಮಣೆಯಾಟಗಳು ಮರೆವಿಗೆ ಸಂದಿದ್ದಾಗ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಅವುಗಳನ್ನು ಮತ್ತೆ ಮಾಡಿಸಿ, ಪ್ರದರ್ಶಿಸಿ, ಆಡುವವರ ಕೈಗಿತ್ತಿತು. ಆದರೆ ಒಂದು ಸಂಸ್ಥೆ ಎಷ್ಟೆಂದು ಹೊತ್ತೀತು? 2018ರ ಆಗಸ್ಟ್ ಮಳೆಗೆ ಮಾದಾಪುರದ ಆಸುಪಾಸಿನ ಗುಡ್ಡಗಳು ಜರಿದು ಮನೆಗಳು ನೆಲಸಮವಾದಾಗ, ನಷ್ಟದ ಪಟ್ಟಿಯಲ್ಲಿ ಅಟ್ಟದ ಮೇಲಿನ ಅಳಗುಳಿಮಣೆಯನ್ನು ಯಾರೂ ಬರೆಸಿರಲಾರರು. ಹದಿನಾಲ್ಕು ಗುಳಿಗಳ ಆ ಹಲಗೆಯನ್ನು ಬಡಗಿ ಮತ್ತೆ ಮಾಡಿಕೊಟ್ಟಾನು. ಹುಣಿಸೆಬೀಜಗಳನ್ನು ಯಾವ ಗುಳಿಯಿಂದ ಎತ್ತಿ ಎಲ್ಲಿ ನಿಲ್ಲಿಸಬೇಕೆಂಬ, ಮನೆಮನೆಗೂ ಬೇರೆಯಾದ ಕ್ರಮವನ್ನು ಅಜ್ಜಿಯರೇ ಹೇಳಬೇಕು. ಕಂಪ್ಯೂಟರ್ ಬಲ್ಲ ಮೊಮ್ಮಕ್ಕಳು ಈ ರಜೆಯಲ್ಲಿಯೇ ಅವರ ಬಳಿ ಕುಳಿತು ಅದನ್ನು ಬರೆದುಕೊಳ್ಳಬಾರದೇಕೆ?